ಚೀಟಿಯೆಲ್ಲ ಹಸಿರು, ಕಾರು ಮಾತ್ರ ಎಡಕ್ಕೆ

ಕಳೆದ ಜೂನ್‌ನಲ್ಲಿ ನಮ್ಮ ಸ್ವಿಫ್ಟ್‌ಗೆ ಎರಡು ಹೊಸ ಟೈರ್ ಹಾಕಿಸಿದೆ. ಎರಡನ್ನೂ ಮುಂದಕ್ಕೇ ಹಾಕಿದರು. ಅವತ್ತಿನಿಂದ ಕಾರು ಎಡಕ್ಕೆ ಎಳೆಯಲು ಶುರುವಾಯಿತು. ನೀರು ಹರಿಯಲೆಂದು ನಮ್ಮ ರಸ್ತೆಗಳು ಎಡಕ್ಕೆ ತುಸು ಇಳಿಜಾರಾಗಿರುತ್ತವೆ, ಹಾಗಾಗಿ ಸ್ವಲ್ಪ ಎಡಕ್ಕೆ ಸರಿಯುವುದು ಸಹಜವೇ. ಆದರೆ ಇದು ಅಷ್ಟೇ ಆಗಿರಲಿಲ್ಲ. ಬೆಂಗಳೂರಿನಿಂದ ಹಾಸನ ಮುಟ್ಟುವಷ್ಟರಲ್ಲಿ ಸ್ಟೇರಿಂಗ್ ಹಿಡಿದು ಹಿಡಿದು ಭುಜ ನೋಯುತ್ತಿತ್ತು.

ಎರಡು ಸಲ ಅಲೈನ್‌ಮೆಂಟ್, ಅಂದರೆ ಚಕ್ರಗಳ ಕೋನ ಅಳೆದು ಸರಿಮಾಡುವ ಕೆಲಸ, ಮಾಡಿಸಿದೆ. ಎರಡು ಸಲವೂ ಮೆಷಿನ್ ಕೊಟ್ಟ ಚೀಟಿಯಲ್ಲಿ ಎಲ್ಲವೂ ಹಸಿರು, ಅಂದರೆ ಎಲ್ಲ ಸರಿಯಾಗಿದೆ ಅಂತ. 'ನಿಮಗೆ ಹಾಗೆ ಅನ್ನಿಸ್ತಿದೆ ಅಷ್ಟೇ ಮೇಡಂ' ಅಂದುಬಿಟ್ಟರು. ನನಗೆ ತುಂಬಾ ಬೇಜಾರಾಯಿತು. ದಿನಾ ಓಡಿಸುವವಳಿಗೆ ಗೊತ್ತಾಗುವುದಿಲ್ಲವೇ?

ಗೊತ್ತಾಗಿದ್ದು ಹಾಸನದ ಹತ್ತಿರದ ಒಂದು ಪಂಕ್ಚರ್ ಅಂಗಡಿಯಲ್ಲಿ. ಗಾಳಿ ಹಿಡಿಸುವಾಗ ಸುಮ್ನೆ ವಿಷಯ ಹೇಳಿದೆ. ಅಲ್ಲಿನ ಯಜಮಾನರು ನಾಲ್ಕೂ ಟೈರಿನ ಗಾಳಿ ಸರಿಮಾಡಿದರು. ಆಮೇಲೆ 'ಮುಂದಿನವು ಎರಡನ್ನೂ ಅದಲು ಬದಲು ಮಾಡ್ತೀನಿ, ಒಂದು ರೌಂಡ್ ಹೋಗಿ ಬನ್ನಿ ಮೇಡಂ' ಅಂದರು. ಹೋಗಿ ಬಂದೆ. ಕಾರು ಈಗ ಬಲಕ್ಕೆ ಎಳೆಯುತ್ತಿತ್ತು!

ಅಂದರೆ ತಪ್ಪು ಕಾರಿನಲ್ಲಿ ಇರಲಿಲ್ಲ, ಟೈರಿನಲ್ಲೇ ಇತ್ತು. ಟೈರಿನ ಒಳಗೆ ಉಕ್ಕಿನ ತಂತಿಯ ಬೆಲ್ಟ್ ಇರುತ್ತದೆ. ತಯಾರಾಗುವಾಗ ಅದು ಒಂದು ಕೂದಲಿನಷ್ಟು ಪಕ್ಕಕ್ಕೆ ಕೂತರೂ ಸಾಕು. ಹೊರಗಿನಿಂದ ಕಣ್ಣಿಗೆ ಏನೂ ಕಾಣುವುದಿಲ್ಲ. ಆದರೆ ಪೇಪರ್ ಟೀ ಕಪ್ಪನ್ನು ನೆಲದ ಮೇಲೆ ಉರುಳಿಸಿದರೆ ಅದು ನೆಟ್ಟಗೆ ಹೋಗದೆ ಹೇಗೆ ಸುತ್ತುತ್ತದೋ, ಟೈರ್ ಕೂಡ ಹಾಗೇ ಒಂದು ಕಡೆ ತಿರುಗಲು ನೋಡುತ್ತದೆ. ಅಲೈನ್‌ಮೆಂಟ್ ಮೆಷಿನ್ ಅಳೆಯುವುದು ಚಕ್ರದ ಕೋನವನ್ನು. ಟೈರಿನ ಹೊಟ್ಟೆಯೊಳಗೆ ಏನಿದೆ ಅಂತ ಅದಕ್ಕೆ ಕಾಣುವುದಿಲ್ಲ.

ಹಾಗಂತ ಅಲೈನ್‌ಮೆಂಟ್ ಬೇಡ ಅಂತ ನಾನು ಖಂಡಿತ ಹೇಳುತ್ತಿಲ್ಲ. ಆ ಚೀಟಿಯಲ್ಲಿ ಟೋ ಅಂತ ಒಂದು ಸಾಲು ಇರುತ್ತದೆ, ಅದನ್ನು ಓದುವುದು ಕಲಿಯಿರಿ. ಮೇಲಿನಿಂದ ನೋಡಿದಾಗ ಚಕ್ರದ ಮೂತಿ ಒಳಗೆ ತಿರುಗಿದೆಯೋ ಹೊರಗೋ ಎಂಬ ಲೆಕ್ಕ ಅದು. ಒಂದು ಚಕ್ರ ಬರೀ ಅರ್ಧ ಡಿಗ್ರಿ ತಪ್ಪು ದಿಕ್ಕಿಗೆ ನಿಂತಿದ್ದರೂ, ಪ್ರತಿ ಕಿಲೋಮೀಟರಿಗೆ ಆ ಟೈರ್ 8 ಮೀಟರಿಗಿಂತ ಜಾಸ್ತಿ ಅಡ್ಡಕ್ಕೆ ಉಜ್ಜುತ್ತದೆ. ಟೈರಿನ ಮೇಲೆ ಅಡ್ಡಕ್ಕೆ ಕೈ ಆಡಿಸಿದಾಗ ಒಂದು ಕಡೆಯಿಂದ ನುಣುಪು, ಇನ್ನೊಂದು ಕಡೆಯಿಂದ ಗರಗಸದ ಹಾಗೆ ಚುಚ್ಚಿದರೆ ಹೆಚ್ಚಾಗಿ ಟೋ ತಪ್ಪಿದೆ ಅಂತ ಅರ್ಥ. ಕ್ಯಾಂಬರ್ ಅಂದರೆ ಚಕ್ರ ಮೇಲ್ಗಡೆ ಒಳಕ್ಕೋ ಹೊರಕ್ಕೋ ವಾಲಿರುವುದು. ಕ್ಯಾಸ್ಟರ್ ಅಂದರೆ ಪಕ್ಕದಿಂದ ನೋಡಿದಾಗ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವುದು, ಅದರಿಂದಾಗಿ ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನೇ ನೆಟ್ಟಗಾಗುತ್ತದೆ. ನಮ್ಮಂಥ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಸರಿಮಾಡಲು ಬರುವುದು ಮುಂದಿನ ಟೋ ಮಾತ್ರ. ಉಳಿದವು ಕೆಂಪು ತೋರಿಸಿದರೆ ಸಸ್ಪೆನ್ಷನ್ನಿನ ರಬ್ಬರ್ ಬುಷ್ ಸವೆದಿದೆಯೋ, ಗುಂಡಿಗೆ ಬಿದ್ದು ಏನಾದರೂ ಬಾಗಿದೆಯೋ ನೋಡಬೇಕು. ಗಾಳಿ ನೋಡದೆ, ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡ್ ಎಂಡ್ ಅಲ್ಲಾಡಿಸಿ ನೋಡದೆ ನೇರ ಮೆಷಿನ್ ಹಚ್ಚುವವರಿಗೆ ದಯವಿಟ್ಟು ದುಡ್ಡು ಕೊಡಬೇಡಿ.

ಇನ್ನು ಅಗಲ ಟೈರಿನ ಆಸೆ. ಅಗಲ ಇದ್ದಷ್ಟೂ ಗ್ರಿಪ್ ಜಾಸ್ತಿ ಅಂತ ಸುಮಾರು ಜನ ನಂಬಿದ್ದಾರೆ. ಸ್ವಿಫ್ಟ್‌ಗೆ 165/80 ಆರ್14 ಬರುತ್ತದೆ, ಮೇಲಿನ ಮಾಡೆಲ್‌ಗೆ 185/65 ಆರ್15. ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೆಯದು ಅಗಲದ ಶೇಕಡಾ ಎಷ್ಟು ಟೈರಿನ ಪಕ್ಕದ ಗೋಡೆಯ ಎತ್ತರ ಅಂತ, ಕೊನೆಯದು ಇಂಚಿನಲ್ಲಿ ರಿಮ್ಮಿನ ಅಳತೆ. ಎರಡರ ಎತ್ತರವೂ ಹೆಚ್ಚು ಕಡಿಮೆ 620 ಮಿ.ಮೀ., ಅದಕ್ಕೇ ಈ ಬದಲಾವಣೆ ನಡೆಯುತ್ತದೆ. ಅದನ್ನೂ ಮೀರಿ 195/65 ಆರ್15 ಹಾಕಿದರೆ ಎತ್ತರ 634 ದಾಟುತ್ತದೆ. ಮೀಟರ್ ತೋರಿಸುವುದಕ್ಕಿಂತ ಜಾಸ್ತಿ ವೇಗದಲ್ಲಿ ಹೋಗುತ್ತೀರಿ, ಸ್ಟೇರಿಂಗ್ ಭಾರವಾಗುತ್ತದೆ. ನಿಂತ ನೀರಿನ ಮೇಲೆ ಅಗಲ ಟೈರ್ ಬೇಗ ತೇಲುತ್ತದೆ ಕೂಡ. ಮಳೆಗಾಲದಲ್ಲಿ ಮಲೆನಾಡಿನ ಕಡೆ ಓಡಾಡುವವರಿಗೆ ಅದು ಬೇಡವೇ ಬೇಡ.

ಹಾಸನದ ಯಜಮಾನರು ಕೊನೆಗೆ ಮಾಡಿದ್ದೇನು ಗೊತ್ತಾ? ಎರಡೂ ಹೊಸ ಟೈರನ್ನು ಹಿಂದಕ್ಕೆ ಹಾಕಿ, ಹಳೆಯದನ್ನು ಮುಂದಕ್ಕೆ ತಂದರು. ಹಳೆಯದರಲ್ಲಿ ಟ್ರೆಡ್, ಅಂದರೆ ಟೈರಿನ ಮೇಲಿನ ಗೀರುಗಳ ಆಳ, ಇನ್ನೂ 4 ಮಿ.ಮೀ. ಇತ್ತು. ಎಳೆತ ಹೋಯಿತು. ಅದಕ್ಕಿಂತ ದೊಡ್ಡ ಲಾಭ ನನಗೆ ಅರ್ಥವಾಗಿದ್ದು ಜುಲೈನಲ್ಲಿ, ಶಿರಾಡಿ ಘಾಟಿ ಇಳಿಯುವಾಗ. ಮುಂದಿನ ಟೈರ್ ಜಾರಿದರೆ ಕಾರು ತಿರುವಿನಿಂದ ಹೊರಕ್ಕೆ ನೆಟ್ಟಗೆ ಹೋಗುತ್ತದೆ. ಕೈಗೆ ತಿಳಿಯುತ್ತದೆ, ಆಕ್ಸಿಲರೇಟರ್ ಬಿಟ್ಟರೆ ಹೆಚ್ಚಿನ ಸಲ ಹಿಡಿತ ಸಿಗುತ್ತದೆ. ಹಿಂದಿನ ಟೈರ್ ಜಾರಿದರೆ ಹಾಗಲ್ಲ. ಕಾರು ಗಿರ್ರನೆ ತಿರುಗುತ್ತದೆ, ಗಾಬರಿಯಲ್ಲಿ ಕಾಲು ತೆಗೆದರೆ ಇನ್ನೂ ಜಾಸ್ತಿ. ಗಾಡಿ ಎಳೆಯುವುದು ಮುಂದಿನ ಚಕ್ರ ಅಲ್ವಾ, ಒಳ್ಳೆಯದು ಅಲ್ಲೇ ಇರಲಿ ಅಂತ ನಾನೂ ನಂಬಿದ್ದೆ. ಟೈರ್ ತಯಾರಿಸುವವರೇ ಹಿಂದಕ್ಕೆ ಹಾಕಿ ಅನ್ನುತ್ತಾರೆ, ಆದರೂ ನಮ್ಮ ಅಂಗಡಿಗಳಲ್ಲಿ ಕೇಳದೆಯೇ ಮುಂದಕ್ಕೆ ಹಾಕಿಬಿಡುತ್ತಾರೆ.

ಮುಂದಿನ ವಾರ ಮಂಗಳೂರು ಕಡೆ ಹೊರಟವರು ಇದ್ದರೆ, ಇವತ್ತೇ ಒಮ್ಮೆ ಹಿಂದಿನ ಟೈರ್ ಹತ್ತಿರ ಬಗ್ಗಿ ನೋಡಿ. ಟ್ರೆಡ್‌ಗೆ ಕಾನೂನಿನ ಕನಿಷ್ಠ ಮಿತಿ 1.6 ಮಿ.ಮೀ. ಆದರೆ ಮಳೆಗೆ ಅಷ್ಟು ಸಾಲದು. 3 ಮಿ.ಮೀ.ಗಿಂತ ಕಡಿಮೆ ಇದ್ದರೆ ಬದಲಾಯಿಸಿಯೇ ಘಾಟಿ ಇಳಿಯಿರಿ.