ಬದುವಿಗೆ ಕಳೆನಾಶಕ ಹೊಡೆದವರು ಒಂದು ಮಾತು ಹೇಳಬಾರದೇ?

ಇವತ್ತು ಬೆಳಿಗ್ಗೆ ಏಳರ ಹೊತ್ತಿಗೆ ಹೊಲದ ಕಡೆ ಹೊರಟಿದ್ದವನು ದಾರಿಯಲ್ಲಿ ಕಂಡದ್ದನ್ನು ಬರೆಯದೆ ಬೇರೆ ಕೆಲಸಕ್ಕೆ ಕೈ ಹಾಕಲು ಮನಸ್ಸಾಗುತ್ತಿಲ್ಲ. ನಮ್ಮ ಬೀದಿಯ ಅಕ್ಕ ಒಬ್ಬರು, ಎರಡು ಸೀಮೆಹಸುಗಳ ಹಾಲನ್ನು ಡೈರಿಗೆ ಹಾಕಿ ಸಂಸಾರ ತೂಗಿಸುವವರು, ಪಕ್ಕದ ಹೊಲದ ಬದುವಿನಲ್ಲಿ ಕುಳಿತು ಹುಲ್ಲು ಕೊಯ್ಯುತ್ತಿದ್ದರು. ಗರಿಕೆಯೂ ಜೇಕೂ ಮೊಣಕಾಲುದ್ದ ಬೆಳೆದು ಇಬ್ಬನಿಯಲ್ಲಿ ಹೊಳೆಯುತ್ತಿದ್ದವು. ಮುಕ್ಕಾಲು ಹೊರೆ ಆಗಿತ್ತು, ಕಟ್ಟಲು ಹಗ್ಗ ಹಾಸಿಟ್ಟಿದ್ದರು. ಆ ಬದುವಿಗೆ ಹಿಂದಿನ ದಿನ ಸಂಜೆ ಐದು ಗಂಟೆಗೆ ಹೊಲದವರ ಮಗ ಬ್ಯಾಟರಿ ಪಂಪು ಹೊತ್ತು ಗ್ಲೈಫೋಸೇಟ್ ಎಂಬ ಕಳೆನಾಶಕ ಹೊಡೆದದ್ದನ್ನು ನಾನು ನನ್ನ ಹೊಲದಿಂದ ನೋಡಿದ್ದೆ.

"ಅಕ್ಕ, ಅದನ್ನು ಬಿಡಿ, ನೆನ್ನೆ ಔಷಧಿ ಹೊಡೆದಿದ್ದಾರೆ" ಎಂದೆ. ಅವರು ಕುಡುಗೋಲು ಕೆಳಗಿಟ್ಟು ಹುಲ್ಲನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡಿದರು. "ಹಚ್ಚಗೈತಲ್ಲಪ್ಪ?" ಎಂದರು.

ಆ ಪ್ರಶ್ನೆ ಬೆಳಗಿನಿಂದ ನನ್ನ ತಲೆಯಿಂದ ಹೋಗಿಲ್ಲ. ಅವರು ಕೇಳಿದ್ದು ನ್ಯಾಯವಾಗಿಯೇ ಇತ್ತು. ಗ್ಲೈಫೋಸೇಟ್ ಎಲೆಯನ್ನು ಸುಡುವ ಔಷಧಿಯಲ್ಲ. ಅದು ಎಲೆಯಿಂದ ಒಳಗಿಳಿದು, ಗಿಡದ ರಸದ ಜೊತೆಗೆ ಬೇರಿನವರೆಗೂ ಹೋಗಿ, ಗಿಡವು ತನಗೆ ಬೇಕಾದ ಕೆಲವು ಅಮೈನೋ ಆಮ್ಲಗಳನ್ನು ತಯಾರಿಸಿಕೊಳ್ಳುವ ದಾರಿಯನ್ನೇ ಮುಚ್ಚುತ್ತದೆ. ಗಿಡ ಒಳಗಿನಿಂದ ಹಸಿದು ಸಾಯಬೇಕು, ಅದಕ್ಕೆ ಸಮಯ ಹಿಡಿಯುತ್ತದೆ. ಹುಲ್ಲು ಹಳದಿಗೆ ತಿರುಗಲು ನಾಲ್ಕೈದು ದಿನ, ಪೂರ್ತಿ ಒಣಗಲು ಹತ್ತು ಹದಿನೈದು ದಿನ ಬೇಕು. ಹಳದಿಗೆ ತಿರುಗುವವರೆಗೆ ಔಷಧಿ ಬಿದ್ದ ಹುಲ್ಲಿಗೂ ಬೀಳದ ಹುಲ್ಲಿಗೂ ಕಣ್ಣಿಗೆ ವ್ಯತ್ಯಾಸವೇ ಇರುವುದಿಲ್ಲ. ಐವತ್ತು ವರ್ಷ ಹುಲ್ಲು ಕೊಯ್ದ ಕೈಗೂ ಅದು ಗೊತ್ತಾಗದು. ಗೊತ್ತಿರುವುದು ಹೊಡೆದವನಿಗೆ ಮಾತ್ರ. ಅವನು ಬಾಯಿ ಬಿಡದಿದ್ದರೆ ಆ ಹುಲ್ಲು ಹಸುವಿನ ಗೋದಲಿಗೆ ಹೋಗುತ್ತದೆ.

ನನ್ನ ನಾಲ್ಕೆಕರೆ ಹೊಲವನ್ನೂ ಅದರಲ್ಲಿ ನಾನು ಮಾಡಿಕೊಂಡ ನಷ್ಟಗಳನ್ನೂ ಇಲ್ಲಿ ಓದುತ್ತ ಬಂದಿರುವ ಸ್ನೇಹಿತರಿಗೆ ನಾನು ಕಳೆನಾಶಕದ ಕಡುವಿರೋಧಿಯಲ್ಲ ಎಂಬುದು ಗೊತ್ತಿದೆ. ಆಳು ಸಿಗುವುದಿಲ್ಲ ಎಂದು ಇದರ ಕೆಳಗೆ ಬರೆಯಲು ಹೊರಟವರಿಗೆ ಮೊದಲೇ ಹೇಳುತ್ತೇನೆ, ನನಗೂ ಸಿಗುವುದಿಲ್ಲ. ರಾಗಿ ಕಳೆ ತೆಗೆಯುವ ಹದಿನೈದು ದಿನಗಳಲ್ಲಿ ಇಡೀ ಊರಿಗೆ ಒಟ್ಟಿಗೇ ಆಳು ಬೇಕು. ಆ ದಿನಗಳಲ್ಲೇ ಮಳೆ ಹಿಡಿದುಕೊಂಡರೆ ಎಡೆಕುಂಟೆಯೂ ಹೊಲಕ್ಕೆ ಇಳಿಯದು. ಸಾಲ ಮಾಡಿ ಬಿತ್ತಿದವನು ಪಂಪು ಹೊತ್ತರೆ ಅವನನ್ನು ದೂರುವ ಹಕ್ಕು ನನಗಿಲ್ಲ. ಆದರೆ ಆಳಿನ ಕೊರತೆಗೂ ಪಕ್ಕದ ಮನೆಯವರಿಗೆ ಒಂದು ಮಾತು ಹೇಳದಿರುವುದಕ್ಕೂ ಏನು ಸಂಬಂಧ? ಒಂದು ಎಕರೆಗೆ ಔಷಧಿ ಹೊಡೆಯಲು ಅರ್ಧ ದಿನ ಬೇಕಾದರೆ, ಬದುವಿನ ತುದಿಯಲ್ಲಿ ಕೋಲು ನೆಟ್ಟು ಕೆಂಪು ಬಟ್ಟೆ ಕಟ್ಟಲು ಎರಡು ನಿಮಿಷ ಸಾಕು.

ನಮ್ಮ ಕಡೆಯ ಬದು ಬರೀ ಗಡಿಯಲ್ಲ. ಗೋಮಾಳಗಳು ಕರಗಿ ಬಡಾವಣೆಯೋ ಸಾಗುವಳಿಯೋ ಆಗಿಹೋದ ಮೇಲೆ, ಜಮೀನಿಲ್ಲದವರ ದನಕ್ಕೆ ಉಳಿದಿರುವ ಹುಲ್ಲುಗಾವಲೆಂದರೆ ಬದು, ಕೆರೆಯಂಗಳ ಮತ್ತು ರಸ್ತೆಯ ಅಂಚು. ಬದು ಯಾರದ್ದಾದರೂ ಹುಲ್ಲು ಕೊಯ್ಯಲು ಯಾರೂ ಯಾರನ್ನೂ ಕೇಳುವುದಿಲ್ಲ, ಹೊಲದವರೂ ಬೇಡವೆನ್ನುವುದಿಲ್ಲ. ಈ ವಾಡಿಕೆ ನಮ್ಮಜ್ಜನ ಕಾಲದಿಂದಲೂ ನಡೆದು ಬಂದಿದೆ. ಬದುವಿಗೆ ಔಷಧಿ ಹೊಡೆದು ಸುಮ್ಮನೆ ಮನೆಗೆ ಹೋಗುವವನು ಆ ವಾಡಿಕೆಯ ಮೇಲೆ ನಂಬಿಕೆ ಇಟ್ಟು ಬಂದವರಿಗೇ ಮೋಸ ಮಾಡುತ್ತಾನೆ. ಇದು ಕಟುವಾಯಿತೆಂದು ಯಾರಿಗಾದರೂ ಅನ್ನಿಸಿದರೆ ಅನ್ನಿಸಲಿ.

ಹುಲ್ಲಿನ ಜೊತೆಗೆ ಸೊಪ್ಪಿನ ವಿಚಾರವೂ ಇದೆ. ರಾಗಿ ಹೊಲದಲ್ಲಿ ನಾವು ಕಳೆ ಎಂದು ಕರೆಯುವುದರಲ್ಲಿ ಅರ್ಧ ನಮ್ಮ ಹೆಂಗಸರ ಪಾಲಿಗೆ ಸಾರಿನ ಸೊಪ್ಪು. ಅಣ್ಣೆಸೊಪ್ಪು, ಗಣಿಕೆ, ಹೊನಗೊನ್ನೆ, ಕನ್ನೆಸೊಪ್ಪುಗಳನ್ನು ಸಂಜೆ ಮಡಿಲು ತುಂಬ ಬಿಡಿಸಿ ತಂದು ಬೆರಕೆಸೊಪ್ಪಿನ ಸಾರು ಮಾಡದ ಮನೆ ನಮ್ಮೂರಲ್ಲಿ ಇಲ್ಲ. ಮುದ್ದೆಗೆ ಅದಕ್ಕಿಂತ ಒಳ್ಳೆಯ ಜೊತೆಯೂ ಇಲ್ಲ. ಆ ಸೊಪ್ಪಿನ ಮೇಲೆ ನೆನ್ನೆ ಏನು ಬಿದ್ದಿದೆ ಎಂದು ಬಿಡಿಸುವ ಕೈಗೆ ಯಾರು ಹೇಳಬೇಕು? ಹಸು ತಿನ್ನುವುದಕ್ಕೆ ಹೇಳದವರು ಮನುಷ್ಯರು ತಿನ್ನುವುದಕ್ಕೂ ಹೇಳುತ್ತಿಲ್ಲ ಎಂಬುದೇ ನನ್ನ ಸಂಕಟ.

ಗ್ಲೈಫೋಸೇಟ್ ಗಿಡಗಳ ಮೇಲೆ ಮಾತ್ರ ಕೆಲಸ ಮಾಡುತ್ತದೆ, ಅದು ತಡೆಯುವ ಕಿಣ್ವ ಪ್ರಾಣಿಗಳಲ್ಲಿ ಇಲ್ಲವೇ ಇಲ್ಲ, ಹಸು ತಿಂದರೂ ಏನಾಗುವುದಿಲ್ಲ ಎಂಬ ವಾದವನ್ನು ನಾನು ಅಂಗಡಿಯಲ್ಲೂ ಕೇಳಿದ್ದೇನೆ, ಓದಿಕೊಂಡವರ ಬಾಯಲ್ಲೂ ಕೇಳಿದ್ದೇನೆ. ಕಿಣ್ವದ ಮಾತು ನಿಜ. ಆದರೆ ಬಾಟಲಿಯಲ್ಲಿರುವುದು ಗ್ಲೈಫೋಸೇಟ್ ಒಂದೇ ಅಲ್ಲ, ಎಲೆಗೆ ಅಂಟಿಕೊಳ್ಳಲು ಬೆರೆಸಿದ ಸಾಬೂನಿನಂಥ ವಸ್ತುಗಳೂ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ 2015ರಲ್ಲಿ ಗ್ಲೈಫೋಸೇಟನ್ನು ಮನುಷ್ಯರಲ್ಲಿ ಕ್ಯಾನ್ಸರ್ ತರುವ ಸಂಭವವುಳ್ಳ ವಸ್ತುಗಳ ಸಾಲಿಗೆ ಸೇರಿಸಿತು. ಬೇರೆ ಕೆಲವು ನಿಯಂತ್ರಣ ಸಂಸ್ಥೆಗಳು ಅದನ್ನು ಒಪ್ಪಲಿಲ್ಲ. ಆ ಜಗಳ ಅಲ್ಲಿರಲಿ. ನನ್ನ ಪ್ರಶ್ನೆ ಅದಕ್ಕಿಂತ ಸಣ್ಣದು. ಪಂಪಿನಲ್ಲಿದ್ದದ್ದು ಗ್ಲೈಫೋಸೇಟೇ ಎಂದು ಹುಲ್ಲು ಕೊಯ್ಯುವವರಿಗೆ ಹೇಗೆ ಗೊತ್ತಾಗಬೇಕು? ಅದೇ ಅಂಗಡಿಯ ಅದೇ ಕಪಾಟಿನಲ್ಲಿ ಪ್ಯಾರಾಕ್ವಾಟ್ ಎಂಬ ಇನ್ನೊಂದು ಕಳೆನಾಶಕವೂ ಇರುತ್ತದೆ. ಅದಕ್ಕೆ ಪ್ರತಿವಿಷವಿಲ್ಲ, ಒಂದು ಗುಟುಕು ಹೊಟ್ಟೆಗೆ ಹೋದರೂ ಶ್ವಾಸಕೋಶ ಕೆಟ್ಟು ಮನುಷ್ಯ ದಿನಗಟ್ಟಲೆ ನರಳಿ ಸಾಯಬಹುದು. ಅಂಥದ್ದನ್ನು ನಮ್ಮವರು ಉಳಿದಷ್ಟನ್ನು ನೀರಿನ ಬಾಟಲಿಗೆ ಬಗ್ಗಿಸಿಕೊಂಡು ಅಟ್ಟದ ಮೇಲಿಡುತ್ತಾರೆ. ಬಾಟಲಿ ಬದಲಾದ ಕ್ಷಣದಲ್ಲೇ ಅದರ ಮೇಲಿನ ಹೆಸರೂ ಎಚ್ಚರಿಕೆಯೂ ಕಳೆದುಹೋಗುತ್ತವೆ. ಇದೂ ಹೇಳದೆ ಇರುವುದರ ಇನ್ನೊಂದು ರೂಪವೇ.

ಇಷ್ಟು ಕೋಪ ಎಲ್ಲಿಂದ ಬಂತು ಎಂದು ಕೇಳುವವರಿಗೆ, ಇಲ್ಲಿಯವರೆಗೆ ಎಲ್ಲೂ ಬರೆಯದ ಒಂದು ಸಂಗತಿಯನ್ನು ಹೇಳಬೇಕಾಗಿದೆ. ಆರು ವರ್ಷದ ಹಿಂದೆ ನಾನೂ ಹೇಳದೆ ಹೊಡೆದವನೇ. ರಾಗಿಯಲ್ಲಿ ಅಗಲ ಎಲೆಯ ಕಳೆ ಮಿತಿಮೀರಿತ್ತು. ಅಂಗಡಿಯವರು ಕೊಟ್ಟ 2,4-ಡಿ ತಂದೆ. 2,4-ಡಿ ಹುಲ್ಲಿನ ಜಾತಿಯನ್ನು ಬಿಟ್ಟು ಅಗಲ ಎಲೆಯ ಗಿಡಗಳನ್ನು ಕೊಲ್ಲುತ್ತದೆ. ರಾಗಿ ಹುಲ್ಲಿನ ಜಾತಿಗೆ ಸೇರಿದ್ದರಿಂದ ಉಳಿಯುತ್ತದೆ. ನನ್ನ ಹೊಲದಲ್ಲಿ ಬರೀ ರಾಗಿ ಇತ್ತು, ನನಗೆ ಚಿಂತೆ ಇರಲಿಲ್ಲ. ಪಕ್ಕದ ಹೊಲದ ಹಿರಿಯರು ಮಾತ್ರ ಹಳೆಯ ಕ್ರಮದಂತೆ ರಾಗಿಯ ನಡುವೆ ಅಕ್ಕಡಿ ಸಾಲು ಹಿಡಿದು ಅವರೆ, ಅಲಸಂದೆ, ಹುಚ್ಚೆಳ್ಳು ಹಾಕಿದ್ದರು. ಹನ್ನೊಂದು ಗಂಟೆಯ ಬಿಸಿಲು, ಪಡುವಣದಿಂದ ಗಾಳಿ, ನನ್ನ ಕೈಯಲ್ಲಿ ಹುಳದ ಔಷಧಿ ಹೊಡೆಯುವ ಸಣ್ಣ ಹನಿಯ ನಾಜಲ್. ಹನಿ ಸಣ್ಣದಾದಷ್ಟೂ ದೂರ ತೇಲುತ್ತದೆ ಎಂಬುದು ನನಗೆ ಆಗ ತಿಳಿದಿರಲಿಲ್ಲ.

ಮೂರನೆಯ ದಿನ ಅವರ ಅವರೆಯ ಕುಡಿಗಳು ಹಾವಿನಂತೆ ಸುರುಳಿ ಸುತ್ತಿಕೊಂಡಿದ್ದವು. ಎಲೆಯ ಅಂಚು ಬಟ್ಟಲಿನಂತೆ ಮಡಚಿತ್ತು, ಕಾಂಡ ಊದಿ ಬಿರುಕು ಬಿಟ್ಟಿತ್ತು. ನನ್ನ ಕಡೆಯ ಆರು ಸಾಲಿನಲ್ಲಿ ಒಂದು ಹೂವೂ ನಿಲ್ಲಲಿಲ್ಲ. ಅವರು ಅದು ಯಾವುದೋ ರೋಗವೆಂದು ತಿಳಿದು ಎರಡು ಸಲ ಔಷಧಿ ತಂದು ಹೊಡೆದರು. ನಾನು ಬದುವಿನ ಈಚೆ ನಿಂತು ನೋಡಿದೆ, ಬಾಯಿ ಬಿಡಲಿಲ್ಲ. ಮಾರ್ಗಶಿರದಲ್ಲಿ ಸೊಗಡವರೆ ಬರುವ ಹೊತ್ತಿಗೆ ಅವರ ಮನೆಯವರು ಎಂದಿನಂತೆ ನಮ್ಮ ಮನೆಗೂ ಒಂದು ಮೊರದಷ್ಟು ಕಾಯಿ ಕಳಿಸಿದರು. ಅಂದು ಸಂಜೆ ಹೋಗಿ ನಡೆದದ್ದನ್ನು ಹೇಳಿದೆ. "ಮೊದಲೇ ಅಂದಿದ್ರೆ ದುಡ್ಡಾದ್ರೂ ಉಳೀತಿತ್ತಲ್ಲಪ್ಪ" ಎಂದರು, ಅಷ್ಟೇ. ಅವರು ಈಗಿಲ್ಲ. ಅವರ ಮಗ ಅಕ್ಕಡಿ ಹಾಕುವುದನ್ನೇ ಬಿಟ್ಟಿದ್ದಾನೆ. ಸುತ್ತಲೂ 2,4-ಡಿ ಹೊಡೆಯುವವರ ನಡುವೆ ಅವರೆ ಹಾಕಿ ಏನು ಮಾಡಲಿ ಎನ್ನುತ್ತಾನೆ. ನನ್ನ ಬಳಿ ಉತ್ತರವಿಲ್ಲ.

ಅಂದಿನಿಂದ ನಾನು ಕಲಿತದ್ದೇನೆಂದರೆ, ನೆರೆಯವರಿಗೆ ಹೇಳಬೇಕಾದರೆ ಮೊದಲು ನನಗೇ ಗೊತ್ತಿರಬೇಕು. ಏನು ಹೊಡೆದೆ, ಎಷ್ಟು ಹೊಡೆದೆ, ಯಾವಾಗ ಹೊಡೆದೆ ಎಂಬ ಮೂರು ಪ್ರಶ್ನೆಗೆ ನಮ್ಮಲ್ಲಿ ಹೆಚ್ಚಿನವರ ಬಳಿ ಉತ್ತರವಿಲ್ಲ. "ಪಂಪಿಗೆ ಎರಡು ಮುಚ್ಚಳ" ಎನ್ನುತ್ತಾರೆ. ಒಂದು ಕಂಪನಿಯ ಮುಚ್ಚಳದಂತೆ ಇನ್ನೊಂದರದ್ದು ಇರುವುದಿಲ್ಲ. ಜೊತೆಗೆ ಒಂದು ಹಿಡಿ ಉಪ್ಪು, ಒಂದು ಹಿಡಿ ಯೂರಿಯಾ, ಬಟ್ಟೆ ಸೋಪಿನ ಪುಡಿ. ಲೆಕ್ಕ ಮಾಡಿಕೊಳ್ಳುವುದು ಕಷ್ಟವೇನಲ್ಲ. ಮೂವತ್ಮೂರು ಅಡಿ ಚೌಕ ಅಳೆದರೆ ಒಂದು ಗುಂಟೆ. ಪಂಪಿಗೆ ಬರೀ ನೀರು ತುಂಬಿ, ನಿಮ್ಮ ಮಾಮೂಲಿ ನಡಿಗೆಯಲ್ಲಿ ಆ ಗುಂಟೆಗೆ ಹೊಡೆದು, ಎಷ್ಟು ನೀರು ಖರ್ಚಾಯಿತೆಂದು ಅಳೆಯಿರಿ. ಐದು ಲೀಟರ್ ಆದರೆ ನಲವತ್ತು ಗುಂಟೆಯ ಎಕರೆಗೆ 200 ಲೀಟರ್, ಅಂದರೆ 16 ಲೀಟರಿನ ಪಂಪು ಹನ್ನೆರಡೂವರೆ ಸಲ. ಎಕರೆಗೆ ಒಂದು ಲೀಟರ್ ಔಷಧಿ ಎಂದು ಲೇಬಲ್ ಹೇಳಿದರೆ ಪಂಪಿಗೆ 80 ಮಿಲಿ. ನಾನು ಈ ಲೆಕ್ಕ ಮಾಡಿದ ವರ್ಷ, ಅಲ್ಲಿಯವರೆಗೆ ಒಂದೂವರೆ ಪಟ್ಟು ಹೊಡೆಯುತ್ತಿದ್ದೆನೆಂದು ಗೊತ್ತಾಯಿತು. ಕೆಸರು ನೀರು ಬೆರೆಸಿದರೆ ಗ್ಲೈಫೋಸೇಟ್ ಮಣ್ಣಿನ ಕಣಕ್ಕೆ ಅಂಟಿಕೊಂಡು ಕೆಲಸ ಮಾಡುವುದಿಲ್ಲ ಎಂಬುದೂ ಆಗಲೇ ತಿಳಿದದ್ದು. ಕಟ್ಟೆಯ ಕೆಂಪು ನೀರು ತಂದು ಹೊಡೆದು, ಸಾಯಲಿಲ್ಲವೆಂದು ಮತ್ತೆ ಹೊಡೆಯುವವರನ್ನು ಈಗಲೂ ನೋಡುತ್ತೇನೆ.

ಕಳೆನಾಶಕಕ್ಕೆ ಬೇರೆಯೇ ಪಂಪು ಇಡಿ ಎಂದು ನಾನು ಕಂಡವರಿಗೆಲ್ಲ ಹೇಳುತ್ತೇನೆ. 2,4-ಡಿ ಹೊಡೆದ ಪಂಪನ್ನು ಒಂದು ಸಲ ನೀರಲ್ಲಿ ಕುಲುಕಿ ಟೊಮೊಟೊಗೆ ಹುಳದ ಔಷಧಿ ಹೊಡೆದರೆ, ಕೊಳವೆಯಲ್ಲಿ ಉಳಿದ ಜಿಡ್ಡೇ ಗಿಡವನ್ನು ಮುರುಟಿಸಲು ಸಾಕು.

ಸರ್ಕಾರ ಏನು ಮಾಡುತ್ತಿದೆ ಎಂದು ಕೇಳಿದರೆ, ಕಾಗದದ ಮೇಲೆ ಸಾಕಷ್ಟಿದೆ. 1968ರ ಕೀಟನಾಶಕ ಕಾಯ್ದೆ ಕಳೆನಾಶಕಕ್ಕೂ ಅನ್ವಯಿಸುತ್ತದೆ. ಪ್ರತಿ ಡಬ್ಬಿಯ ಮೇಲೂ ವಿಷದ ಮಟ್ಟ ತೋರಿಸುವ ಕೆಂಪು, ಹಳದಿ, ನೀಲಿ, ಹಸಿರು ಗುರುತುಗಳಲ್ಲಿ ಒಂದಿರಬೇಕು, ಹಸಿರೆಂದರೆ ನಿರಪಾಯವೆಂದಲ್ಲ, ಉಳಿದವಕ್ಕಿಂತ ಕಡಿಮೆ ಎಂದಷ್ಟೇ ಅರ್ಥ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಗ್ಲೈಫೋಸೇಟನ್ನು ಕೀಟ ನಿಯಂತ್ರಣ ನಿರ್ವಾಹಕರ, ಅಂದರೆ ಔಷಧಿ ಹೊಡೆಯಲು ಪರವಾನಗಿ ಪಡೆದವರ, ಮೂಲಕ ಬಿಟ್ಟು ಬೇರೆ ಯಾರೂ ಬಳಸಬಾರದೆಂದು ಅಧಿಸೂಚನೆ ಹೊರಡಿಸಿತು. ನಮ್ಮ ಹೋಬಳಿಯಲ್ಲಿ ಅಂಥ ಒಬ್ಬ ನಿರ್ವಾಹಕರನ್ನು ನಾನು ಇದುವರೆಗೆ ಕಂಡಿಲ್ಲ. ನೆನ್ನೆ ಸಂಜೆ ಪಂಪು ಹೊತ್ತಿದ್ದವನು ಎರಡನೇ ಪಿಯುಸಿ ಓದುವ ಹುಡುಗ, ಕಾಲಲ್ಲಿ ಹವಾಯಿ ಚಪ್ಪಲಿ, ಮುಖಕ್ಕೆ ಏನೂ ಇಲ್ಲ. ಅವನು ಮುಂದಕ್ಕೆ ನಡೆಯುತ್ತ, ಔಷಧಿ ಬಿದ್ದು ನೆಂದ ಹುಲ್ಲಿನ ಮೇಲೇ ಕಾಲಿಡುತ್ತಿದ್ದ.

ಅಕ್ಕನ ಹೊರೆಯನ್ನು ಅಲ್ಲೇ ಬಿಡಿಸಿ, ನನ್ನ ಹೊಲದ ಮೂಲೆಯಲ್ಲಿರುವ ನೇಪಿಯರ್ ಹುಲ್ಲನ್ನು ಕೊಯ್ದು ಕೊಟ್ಟೆ. ಕುಡುಗೋಲನ್ನೂ ಕೈಯನ್ನೂ ಸೋಪು ಹಾಕಿ ತೊಳೆದುಕೊಂಡು ಹೋದರು. ಆಮೇಲೆ ಹುಡುಗನ ಮನೆಗೆ ಹೋದೆ. ಗದರಬೇಕೆಂದೇ ಹೋಗಿದ್ದೆ, ಅವನ ಮುಖ ನೋಡಿದ ಮೇಲೆ ಆಗಲಿಲ್ಲ. "ಹುಲ್ಲು ಕೊಯ್ಯಾಕೆ ಬರ್ತಾರೆ ಅಂತ ಹೊಳೀಲೇ ಇಲ್ಲ ಅಣ್ಣ" ಎಂದ. ಅದು ಸುಳ್ಳಲ್ಲ, ನನಗೂ ಆರು ವರ್ಷದ ಹಿಂದೆ ಹೊಳೆದಿರಲಿಲ್ಲ. ಅವನ ತಾಯಿಯ ಹಳೆಯ ಕೆಂಪು ರವಿಕೆಯ ಬಟ್ಟೆ ಹರಿದು ನಾಲ್ಕು ಕೋಲಿಗೆ ಕಟ್ಟಿ ಬದುವಿನ ಉದ್ದಕ್ಕೂ ನೆಟ್ಟೆವು. ಡೈರಿಯ ಬಳಿ ನಿಂತು ಹಾಲು ಹಾಕಲು ಬಂದವರಿಗೆಲ್ಲ ಅವನೇ ಹೇಳಿದ.

ಕೋಲು ಎಷ್ಟು ದಿನ ಇರಬೇಕು ಎಂದು ಅವನು ಕೇಳಿದಾಗ ಬಾಟಲಿಯ ಜೊತೆ ಬಂದಿದ್ದ ಚೀಟಿಯನ್ನು ಬಿಡಿಸಿದೆವು. ಕನ್ನಡವೇನೋ ಇತ್ತು, ಅಕ್ಷರ ಎಳ್ಳುಕಾಳಿಗಿಂತ ಸಣ್ಣದು. ಮೊಬೈಲಿನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿಕೊಂಡು ಇಬ್ಬರೂ ಸಾಲು ಸಾಲಾಗಿ ಓದಿದೆವು. ಪ್ರಮಾಣ ಇತ್ತು, ಕೈಗವಸಿನ ಮಾತಿತ್ತು, ಖಾಲಿ ಡಬ್ಬಿಯನ್ನು ಒಡೆದು ಹೂಳಬೇಕೆಂದಿತ್ತು. ದನಕರುಗಳನ್ನು ಎಷ್ಟು ದಿನ ದೂರವಿಡಬೇಕು ಎಂಬ ಸಾಲು ಮಾತ್ರ ಆ ಚೀಟಿಯಲ್ಲಿ ಎಲ್ಲೂ ಸಿಗಲಿಲ್ಲ. ಅಮೆರಿಕದಲ್ಲಿ ಹುಲ್ಲುಗಾವಲಿಗೆ ಹೊಡೆಯುವ ಕಳೆನಾಶಕದ ಲೇಬಲ್ಲಿನ ಮೇಲೆ ಎಷ್ಟು ದಿನ ಮೇಯಿಸಬಾರದು, ಎಷ್ಟು ದಿನ ಕೊಯ್ಯಬಾರದು ಎಂಬುದನ್ನು ಬರೆದಿರುತ್ತಾರೆ, ಲೇಬಲ್ಲಿಗೆ ವಿರುದ್ಧವಾಗಿ ಬಳಸಿದರೆ ಅದೇ ಅಪರಾಧ. ನಮ್ಮ ಚೀಟಿ ಬರೆದವರಿಗೆ ಬದುವಿನ ಹುಲ್ಲನ್ನು ಯಾರಾದರೂ ಕೊಯ್ಯುತ್ತಾರೆಂಬುದು ಆ ಹುಡುಗನಂತೆಯೇ ಹೊಳೆದಿಲ್ಲ.

ಹುಲ್ಲು ಪೂರ್ತಿ ಒಣಗಿ, ಮಳೆ ಬಿದ್ದು ಹೊಸ ಚಿಗುರು ಬರುವವರೆಗೆ ಕೋಲು ತೆಗೆಯಬೇಡ ಎಂದು ಹೇಳಿ ಬಂದಿದ್ದೇನೆ. ಚೀಟಿಯ ಫೋಟೊ ನನ್ನ ಮೊಬೈಲಿನಲ್ಲಿದೆ. ನಾಳೆ ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಅದನ್ನು ತೋರಿಸಿ, ಆ ಸಾಲು ಯಾಕಿಲ್ಲವೆಂದು ಕೇಳುತ್ತೇನೆ.