ಅಲ್ಪಾಕಾದ ಹಿಕ್ಕೆ, ಕೊಡಗಿನ ಮಂಜು

ಕೊಡಗಿನ ಹೋಮ್‌ಸ್ಟೇಗಳು ಇನ್‌ಸ್ಟಾಗ್ರಾಮಿಗೆ ಏರಿಸುವ ಚಿತ್ರಗಳನ್ನು ನ್ಯೂಜಿಲೆಂಡಿನ ಕ್ಯಾಂಟರ್ಬರಿಯಲ್ಲಿ ಕುಳಿತು ನೋಡುವಾಗಲೆಲ್ಲ, ನಾವು ತೋಟವೊಂದನ್ನು ಬಿಟ್ಟು ಉಳಿದೆಲ್ಲವನ್ನೂ ತೋರಿಸುತ್ತಿದ್ದೇವೆ ಎಂದು ನನಗೆ ಅನ್ನಿಸುತ್ತದೆ. ಮಂಜಿದೆ, ಮೊಗ್ಗರಳಿಸುವ ಹೂಮಳೆ ಬಿದ್ದ ಮೇಲೆ ಬೆಳ್ಳಗೆ ಅರಳಿ ನಿಂತ ರೊಬಸ್ಟಾ ಕಾಫಿ ಇದೆ, ಜಗಲಿಯ ಕಟ್ಟೆಯ ಮೇಲೆ ಹಬೆಯಾಡುವ ಲೋಟವಿದೆ. ಆ ಕಾಫಿಯ ಹಣ್ಣನ್ನು ಕೊಯ್ದವರು, ಕಣದಲ್ಲಿ ಹರಡಿ ದಿನಕ್ಕೆ ಹಲವು ಸಲ ಮಗುಚಿ ಒಣಗಿಸಿದವರು, ಮೋಡ ಕಂಡೊಡನೆ ಟಾರ್ಪಾಲು ಹಿಡಿದು ಓಡಿದವರು ಮಾತ್ರ ಎಲ್ಲೂ ಇಲ್ಲ. ನಾನು ದುಡಿಯುವ ಅಲ್ಪಾಕಾ ಫಾರ್ಮಿನವರು ಇದಕ್ಕೆ ತದ್ವಿರುದ್ಧವಾಗಿ, ಹಿಂದೆ ಹಿಮ ಹೊದ್ದ ಸದರ್ನ್ ಆಲ್ಪ್ಸ್ ಸಾಲು ಕಾಣುತ್ತಿದ್ದರೂ ಕ್ಯಾಮೆರಾವನ್ನು ನೆಲಕ್ಕೆ ಬಾಗಿಸಿ ಹಿಕ್ಕೆ ಬಾಚುವುದನ್ನು ತೋರಿಸುತ್ತಾರೆ. ಸೋಮವಾರಪೇಟೆ ಕಡೆಯ ತೋಟದ ಮನೆಯಲ್ಲಿ ಬೆಳೆದ ನನಗೆ, ಈ ಒಂದು ವಿಷಯದಲ್ಲಿ ಅವರ ರೀತಿಯೇ ಸರಿಯೆಂದು ತೋರುತ್ತದೆ.

ಹಿಕ್ಕೆಯ ಮಾತನ್ನು ತಮಾಷೆಗೆ ಎತ್ತಿದ್ದಲ್ಲ. ಅಲ್ಪಾಕಾ ಉಣ್ಣೆಗಾಗಿ ಸಾಕುವ, ಒಂಟೆಯ ಬಳಗದ ಪ್ರಾಣಿ. ದಕ್ಷಿಣ ಅಮೆರಿಕದ ಆಂಡೀಸ್ ಪರ್ವತದ ಜನರು ವಿಕುನ್ಯಾ ಎಂಬ ಕಾಡುಪ್ರಾಣಿಯನ್ನು ಸಾವಿರಾರು ವರ್ಷಗಳ ಹಿಂದೆ ಪಳಗಿಸಿದ್ದರಿಂದ ಬಂದದ್ದು. ನ್ಯೂಜಿಲೆಂಡಿನಲ್ಲಿ ಅದರ ಸಾಕಣೆ ಬೇರೂರಿದ್ದು 1980ರ ದಶಕದಿಂದ ಈಚೆಗೆ. ಮಂದೆಯೆಲ್ಲ ಗೊತ್ತಾದ ಒಂದೆರಡು ಜಾಗಗಳಲ್ಲೇ ಹಿಕ್ಕೆ ಹಾಕುವುದರಿಂದ ಹುಲ್ಲುಗಾವಲು ಚೊಕ್ಕಟವಾಗಿರುತ್ತದೆ, ಚೀಲಕ್ಕೆ ತುಂಬಿ ಕೈತೋಟದವರಿಗೆ ಮಾರಲೂ ಆಗುತ್ತದೆ, ಹಿಕ್ಕೆ ಸಡಿಲವಾಗಿದ್ದರೆ ಯಾವುದೋ ಒಂದಕ್ಕೆ ಹೊಟ್ಟೆಹುಳುವಿನ ಕಾಟ ಶುರುವಾಗಿರಬಹುದೆಂಬ ಸುಳಿವೂ ಅಲ್ಲೇ ಸಿಗುತ್ತದೆ. ಉಗುರು ಕತ್ತರಿಸುವುದು, ಬಿಸಿಲು ಕಡಿಮೆಯಾದ ಚಳಿಗಾಲದಲ್ಲಿ ವಿಟಮಿನ್ ಡಿ ಕೊಡುವುದು, ಗಂಡನ್ನು ಹತ್ತಿರ ಬಿಟ್ಟಾಗ ಹೆಣ್ಣು ಉಗುಳಿ ಓಡಿಸಿದರೆ ಗಬ್ಬ ನಿಂತಿರಬಹುದೆಂದು ಲೆಕ್ಕ ಹಾಕುವುದು, ಹೀಗೆ ನಿತ್ಯದ ಕೆಲಸವೇ ಅವರ ವಿಡಿಯೊಗಳ ಸರಕು.

ಉಣ್ಣೆ ಕತ್ತರಿಸುವ ದಿನವಂತೂ ನೋಡುಗರಿಗೆ ಕಸಿವಿಸಿಯಾಗುವಂಥದ್ದು. ಕುರಿಯನ್ನು ಕೂರಿಸಿದಂತೆ ಅಲ್ಪಾಕಾವನ್ನು ಕೂರಿಸುವ ರೂಢಿಯಿಲ್ಲ. ಚಾಪೆಯ ಮೇಲೆ ಮಲಗಿಸಿ, ಮುಂಗಾಲು ಹಿಂಗಾಲುಗಳಿಗೆ ಹಗ್ಗ ಹಾಕಿ ಎರಡೂ ಕಡೆಗೆ ಎಳೆದು ಹಿಡಿಯುತ್ತಾರೆ. ಪ್ರಾಣಿ ಅರಚುತ್ತದೆ, ಕೆಲವೊಮ್ಮೆ ಉಗುಳುತ್ತದೆ. ಇದು ಹಿಂಸೆಯೆಂದು ಬರೆಯುವವರು ಪ್ರತಿವರ್ಷವೂ ಇರುತ್ತಾರೆ. ಆದರೂ ಅದನ್ನು ಮರೆಮಾಡದೆ, ಒದ್ದಾಡಿದರೆ ಬ್ಲೇಡು ತಗಲುವುದೆಂಬ ಕಾರಣಕ್ಕೇ ಹಗ್ಗ ಬೇಕೆಂದೂ, ಬೇಸಿಗೆಗೆ ಮುನ್ನ ಉಣ್ಣೆ ಇಳಿಸದಿದ್ದರೆ ಪ್ರಾಣಿ ಸೆಕೆಯಿಂದ ಬಳಲುವುದೆಂದೂ, ಬೆನ್ನಿನ ಮತ್ತು ಪಕ್ಕೆಯ ಉಣ್ಣೆ ನೂಲಿಗೆ ಹೋದರೆ ಕಾಲಿನ ಒರಟು ಉಣ್ಣೆಗೆ ಹೆಚ್ಚು ಬೆಲೆಯಿಲ್ಲವೆಂದೂ ತಾಳ್ಮೆಯಿಂದ ವಿವರಿಸುತ್ತಾರೆ. ಮರಿ ಸತ್ತರೆ ಅದನ್ನೂ ಹೇಳುತ್ತಾರೆ. ಹನ್ನೊಂದೂವರೆ ತಿಂಗಳು ಹೊತ್ತು ಹೆತ್ತ ಒಂದೇ ಮರಿ ಮೊದಲ ದಿನದೊಳಗೆ ಸಾಕಷ್ಟು ಗಿಣ್ಣುಹಾಲು ಕುಡಿಯದಿದ್ದರೆ ಉಳಿಯುವುದು ಕಷ್ಟವೆಂಬುದು ಹೀಗೆ ದೂರದ ನಗರದವರಿಗೂ ತಿಳಿದಿರುವುದರಿಂದ, ಫಾರ್ಮಿಗೆ ಬರುವ ಅತಿಥಿಗಳು ಬೇಲಿಯ ಬಳಿ ದನಿ ತಗ್ಗಿಸುತ್ತಾರೆ, ಹೊಸ ಬಾಣಂತಿಯ ಹತ್ತಿರ ಹೋಗಬಹುದೇ ಎಂದು ಮೊದಲು ಕೇಳುತ್ತಾರೆ. ಎಲ್ಲರೂ ಅಲ್ಲ, ಆದರೆ ಕೇಳುವವರು ಸಾಕಷ್ಟು ಮಂದಿ.

(ಊರಿಗೆ ಬಂದಾಗ ಕೆಲವರು, ಹಾಗಾದರೆ ಕೊಡಗಿಗೂ ಅಲ್ಪಾಕಾ ತರಬಾರದೇಕೆ ಎನ್ನುವುದುಂಟು. ಬೇಡ. ಕ್ಯಾಂಟರ್ಬರಿಯ ಬಯಲಿನಲ್ಲಿ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಮಡಿಕೇರಿಯಲ್ಲಿ 3,000 ದಾಟುತ್ತದೆ. ಒಣ ಚಳಿಯ ಎತ್ತರದ ನಾಡಿನ ಪ್ರಾಣಿಯನ್ನು ನಮ್ಮ ಜುಲೈ ತಿಂಗಳಿಗೆ ಒಡ್ಡುವುದು ಸಾಕಣೆಯಲ್ಲ.)

ಕೊಡಗಿನವರಿಗೆ ಕೆಲಸದ ಮಾತು ಆಡಲು ಬಾರದೆಂದು ನಾನು ಹೇಳುತ್ತಿಲ್ಲ. ಬೆಳೆಗಾರರ ವಾಟ್ಸಾಪ್ ಗುಂಪಿನಲ್ಲಿ ಅದನ್ನು ಬಿಟ್ಟರೆ ಬೇರೆ ಮಾತೇ ಇರುವುದಿಲ್ಲ. "ನಿಮ್ಮಲ್ಲಿ ಎಷ್ಟು ಬಂತು?" ಎಂದು ಒಬ್ಬರು ಮಳೆಯ ಲೆಕ್ಕ ಕೇಳಿದರೆ "ಒಂದು ಇಂಚು ನಲವತ್ತು ಸೆಂಟು" ಎಂದು ಇನ್ನೊಬ್ಬರು, "ನಮ್ಮಲ್ಲಿ ಬರೀ ಹದಿನೈದು ಸೆಂಟು, ಹೂವು ಹಾಳು" ಎಂದು ಮತ್ತೊಬ್ಬರು. ಸೆಂಟೆಂದರೆ ಇಂಚಿನ ನೂರರಲ್ಲೊಂದು ಭಾಗ. ಈ ಮಾತಿನ ಹಿಂದೆ ದೊಡ್ಡ ಕಥೆಯೇ ಇದೆ. ಫೆಬ್ರವರಿ, ಮಾರ್ಚಿನಲ್ಲಿ ಸುಮಾರು ಒಂದು ಇಂಚಿನಷ್ಟು ಮಳೆ ಬಿದ್ದರೆ ರೊಬಸ್ಟಾ ಮೊಗ್ಗು ವಾರ ಹತ್ತು ದಿನಗಳಲ್ಲಿ ಅರಳುತ್ತದೆ; ಮಳೆ ಸಾಲದಿದ್ದರೆ ಮೊಗ್ಗು ಅರ್ಧಕ್ಕೇ ನಿಲ್ಲುತ್ತದೆ; ಅರಳಿದ ದಿನವೇ ಜೋರು ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ; ಎಲ್ಲ ಸರಿಯಾಗಿ ಜೇನು ಮತ್ತು ಗಾಳಿ ತಮ್ಮ ಕೆಲಸ ಮುಗಿಸಿದರೂ, ಕೆಲವು ವಾರಗಳಲ್ಲಿ ಹಿಮ್ಮಳೆ, ಅಂದರೆ ಹೂಮಳೆಯ ಹಿಂದೆ ಬರಬೇಕಾದ ಇನ್ನೊಂದು ಮಳೆ, ಬಾರದಿದ್ದರೆ ಕಾಯಿ ನಿಲ್ಲುವುದಿಲ್ಲ. ಹೊಳೆಯೋ ಕೆರೆಯೋ ಇದ್ದವನು ಸ್ಪ್ರಿಂಕ್ಲರ್ ಹಾಕುತ್ತಾನೆ. ಇಲ್ಲದವನು ಮುಗಿಲು ನೋಡುತ್ತಾನೆ. ಹೋಮ್‌ಸ್ಟೇ ಪುಟದ ಬಿಳಿಹೂವಿನ ಚಿತ್ರ ಆ ಮನೆಯವರ ವರ್ಷವೆಲ್ಲ ನಿರ್ಧಾರವಾಗುವ ವಾರದ ಚಿತ್ರ. ಅದರ ಕೆಳಗೆ ಬರೆದಿರುವುದು ಮಾತ್ರ "ಸ್ವರ್ಗಕ್ಕೆ ಸ್ವಾಗತ".

ಸುಂಟಿಕೊಪ್ಪದ ಬಳಿ ತೋಟದ ಜೊತೆಗೆ ಹೋಮ್‌ಸ್ಟೇಯನ್ನೂ ನಡೆಸುವ ನನ್ನ ಭಾವ ಇದನ್ನು ಒಪ್ಪುವುದಿಲ್ಲ. "ನಿಮ್ಮಲ್ಲಿ ಮುದ್ದಾದ ಪ್ರಾಣಿ ಉಂಟು, ಉಗುರು ಕತ್ತರಿಸಿದರೂ ಜನ ನೋಡ್ತಾರೆ. ಕಾಂಡಕೊರಕ ಹುಳ ಹೊಡೆದ ಗಿಡ ಕಿತ್ತು ಸುಡೋದನ್ನ ಯಾರು ನೋಡ್ತಾರೆ ಮಾರಾಯ?" ಎಂಬುದು ಅವರ ವಾದ. ಮಳೆಯ ವಿಷಯದಲ್ಲಿ ಅವರ ಅಂಜಿಕೆ ಇನ್ನೂ ಆಳದ್ದು. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದ ಮೇಲೆ, ಯಾವ ಮೂಲೆಯಲ್ಲಿ ಜೋರು ಮಳೆಯೆಂದು ಸುದ್ದಿಯಾದರೂ ಇಡೀ ಜಿಲ್ಲೆಯ ಕೋಣೆಗಳು ಖಾಲಿಯಾಗುವುದನ್ನು ಅವರು ಕಂಡಿದ್ದಾರೆ. ಈ ಅಂಜಿಕೆಯನ್ನು ನಾನು ಹಗುರವಾಗಿ ಕಾಣಲಾರೆ. ಆದರೆ ವರ್ಷವಿಡೀ ಮಂಜನ್ನಷ್ಟೇ ಕಂಡವನಿಗೆ ಎಲ್ಲ ಮಳೆಯೂ ಒಂದೇ ಆಗಿ ಕಾಣುವುದು ಸಹಜ. ಯಾವುದು ವಾಡಿಕೆಯ ಮಳೆ, ಯಾವುದು ಹೆದರಬೇಕಾದ ಮಳೆ ಎಂಬುದನ್ನು ನಾವೇ ಹೇಳಿಕೊಡದಿದ್ದರೆ ಅವನು ಟಿವಿಯವರಿಂದ ಕಲಿಯುತ್ತಾನೆ. ಕಾಂಡಕೊರಕದ ಮಾತೂ ಅಷ್ಟೆ. ನೆರಳು ತೆಳುವಾದ ಕಡೆ ಅದರ ಕಾಟ ಹೆಚ್ಚು, ವರ್ಷಗಳ ಕಾಲ ಸಾಕಿದ ಅರೇಬಿಕಾ ಗಿಡವನ್ನು ಬುಡಸಹಿತ ಕಿತ್ತು ಸುಡುವುದು ಪಕ್ಕದ ಗಿಡಗಳನ್ನು ಉಳಿಸಿಕೊಳ್ಳುವುದಕ್ಕೆ ಎಂದು ತಿಳಿದವನು, ಕಾಫಿಗೆ ಇಷ್ಟೇಕೆ ಬೆಲೆ ಎಂದು ಕೇಳುವ ಮುನ್ನ ಒಂದು ಕ್ಷಣವಾದರೂ ಯೋಚಿಸುತ್ತಾನೆ.

ಅಲ್ಪಾಕಾ ಫಾರ್ಮಿನ ರೀತಿಯನ್ನು ಇದ್ದಂತೆಯೇ ಎತ್ತಿ ತರಲಾಗದ ಜಾಗವೂ ಇದೆ. ಅಲ್ಲಿ ಕ್ಯಾಮೆರಾದ ಮುಂದೆ ನಿಲ್ಲುವುದು ಪ್ರಾಣಿಗಳು ಮತ್ತು ಮಾಲೀಕರು. ನಮ್ಮಲ್ಲಿ ಕೆಲಸ ತೋರಿಸುವುದೆಂದರೆ ಕೆಲಸದವರನ್ನು ತೋರಿಸುವುದು. ಕೆಲಸದವರ ಲೈನ್ ಮನೆಯಲ್ಲಿರುವ ಯರವ ಬುಡಕಟ್ಟಿನವರಾಗಲಿ, ಕೊಯ್ಲಿನ ಹೊತ್ತಿಗೆ ಅಸ್ಸಾಮಿನಿಂದ ಬಂದವರಾಗಲಿ, ಅತಿಥಿಗಳ ಫೋನಿಗೆ ಅಲಂಕಾರವಾಗಲು ಬಂದವರಲ್ಲ. ಕೇಳದೆ ತೆಗೆದ ಮುಖದ ಚಿತ್ರಕ್ಕಿಂತ ಮಂಜಿನ ಚಿತ್ರವೇ ಮೇಲು. ಆದರೆ ಮೆಣಸು ಕೊಯ್ಯಲು ಏಣಿಯನ್ನು ಮರಕ್ಕೆ ಹೇಗೆ ಒರಗಿಸಬೇಕೆಂದು ಬಲ್ಲವನು ಒಪ್ಪಿ ತನ್ನ ಬಾಯಿಂದಲೇ ಹೇಳಿದರೆ, ಹೇಳಿದ್ದಕ್ಕೆ ಅವನಿಗೆ ಕೂಲಿಯೂ ಸಂದರೆ, ಅದನ್ನು ಬಚ್ಚಿಡಲು ಕಾರಣವಿಲ್ಲ.

ತೋರಿಸಬಾರದ್ದನ್ನು ತೋರಿಸದಿರುವುದರಲ್ಲೂ ಆ ಫಾರ್ಮಿನವರು ಬಿಗಿ. ಗಂಡುಮರಿಗೆ ಬಾಟಲಿಯಲ್ಲಿ ಹಾಲು ಕುಡಿಸಿ ಮುದ್ದಾಡುವ ವಿಡಿಯೊಗೆ ಎಷ್ಟೇ ಬೇಡಿಕೆಯಿದ್ದರೂ ಮಾಡುವುದಿಲ್ಲ; ಹಾಗೆ ಕೈಯಲ್ಲಿ ಬೆಳೆದ ಗಂಡು ಅಲ್ಪಾಕಾ ಮನುಷ್ಯರನ್ನೂ ತನ್ನ ಮಂದೆಯವರೆಂದು ಎಣಿಸಿ, ಪ್ರಾಯಕ್ಕೆ ಬಂದಾಗ ಮೇಲೇರಿ ಬರುವ ಅಪಾಯವಿದೆ. ನಮ್ಮಲ್ಲಿ ಈ ಬಿಗಿ ಬೇಕಾಗಿರುವುದು ಆನೆಯ ವಿಷಯದಲ್ಲಿ. ಹಲಸಿನ ಕಾಲದಲ್ಲಿ ತೋಟದೊಳಗೇ ಬೀಡುಬಿಡುವ ಆನೆಗಳ ಸುದ್ದಿ ಬೆಳಗಿನ ಜಾವವೇ ಕೆಲಸದವರಿಗೆ ತಲುಪಬೇಕು, ಏಕೆಂದರೆ ಮಸುಕಿನಲ್ಲಿ ನಡೆದುಬರುವವರು ಅವರು. ಅದೇ ಸುದ್ದಿ ಜಾಗದ ಗುರುತಿನೊಂದಿಗೆ ಹೋಮ್‌ಸ್ಟೇ ಪುಟಕ್ಕೆ ಏರಿದರೆ ಸಂಜೆಗೆ ಜೀಪುಗಳು ಬಂದು ನಿಲ್ಲುತ್ತವೆ. ಮೊದಲನೆಯದಕ್ಕೆ ವಾಟ್ಸಾಪ್ ಗುಂಪು ಇದ್ದರೆ ಸಾಕು, ಎರಡನೆಯದನ್ನು ನಿಲ್ಲಿಸಬೇಕು.

ಭಾವನಿಗೆ ನಾನು ಹೇಳಿರುವುದು ಇಷ್ಟೇ. ಜೂನ್‌ನಿಂದ ಹೇಗೂ ಬರುವವರು ಕಡಿಮೆ. ಅಂಗಳದ ಮಳೆಮಾಪಕವನ್ನು ಅವರು ದಿನಾ ಬೆಳಿಗ್ಗೆ ನೋಡಿ ಡೈರಿಯಲ್ಲಿ ಇಂಚು, ಸೆಂಟು ಬರೆದೇ ಬರೆಯುತ್ತಾರೆ. ಆ ಸಾಲನ್ನು, ಅಂದು ತೋಟದಲ್ಲಿ ಏನು ನಡೆಯಿತೆಂಬ ಇನ್ನೊಂದು ಸಾಲಿನೊಂದಿಗೆ ಪುಟಕ್ಕೂ ಹಾಕಲಿ. ಮರ ಕಪಾತು ಆಯಿತು, ಗೊಬ್ಬರ ಹಾಕಲು ಮಳೆ ಬಿಡಲಿಲ್ಲ, ಹೀಗೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ಒಳ್ಳೆಯ ಕ್ಯಾಮೆರಾವೂ ಬೇಡ. ನವೆಂಬರಿನಲ್ಲಿ ಅವರಿಗೆ ಅರೇಬಿಕಾ ಕೊಯ್ಲು ಶುರುವಾಗುವಾಗ ನನಗಿಲ್ಲಿ ಉಣ್ಣೆ ಕತ್ತರಿಸುವ ಕೆಲಸ. ಆ ಹೊತ್ತಿಗೆ ಅವರ ಪುಟವನ್ನು ಓದುವವರು ಯಾರು, ಯಾವ ಪ್ರಶ್ನೆ ಕೇಳುತ್ತಿದ್ದಾರೆ ಎಂದು ಇಬ್ಬರೂ ಕುಳಿತು ನೋಡಬಹುದು. ಭಾವ ಇನ್ನೂ ಹೂಂ ಅಂದಿಲ್ಲ, ಅಕ್ಕ ಅಂದಿದ್ದಾಳೆ.