ಹೌದು ಸ್ವಾಮಿ, ಅರಣ್ಯ ಇಲಾಖೆಯವರೇ ಬೆಂಕಿ ಇಟ್ಟಿದ್ದು!

ಬೆಳಿಗ್ಗೆಯಿಂದ ಎಲ್ಲ ಗ್ರೂಪುಗಳಲ್ಲೂ ಒಂದೇ ವಿಡಿಯೋ. ಬಂಡೀಪುರದ ರಸ್ತೆ ಬದಿಯಲ್ಲಿ ಖಾಕಿ ಹಾಕಿದವರು ಹುಲ್ಲಿಗೆ ಬೆಂಕಿ ಕೊಡುತ್ತಿದ್ದಾರೆ. ಕೆಳಗೆ ‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಅಂತ ಷರಾ ಬೇರೆ. ಕಾರಿನೊಳಗೆ ಕೂತು ವಿಡಿಯೋ ಮಾಡಿದ ಪುಣ್ಯಾತ್ಮ ಅಲ್ಲಿದ್ದವರನ್ನು ಒಂದು ಮಾತು ಕೇಳಿದ್ದರೆ ಗಂಟೇನು ಹೋಗ್ತಿತ್ತು?

ಅದು ಬೆಂಕಿ ರೇಖೆ. ಮಳೆ ನಿಂತ ಮೇಲೆ ರಸ್ತೆ ಬದಿ, ಕಾಡಿನ ಗಡಿಯ ಹುಲ್ಲು, ಲಂಟಾನ ಅನ್ನೋ ಕಳೆಪೊದೆ ಸವರಿ, ಒಣಗಲು ಬಿಟ್ಟು, ಆಮೇಲೆ ಕಾವಲು ನಿಂತು ಸುಡುತ್ತಾರೆ. ಬೇಸಿಗೆಯಲ್ಲಿ ಯಾವನೋ ಬೀಡಿ ಎಸೆದರೂ ಬೆಂಕಿ ಒಳಗೆ ನುಗ್ಗಬಾರದು, ಅಷ್ಟಕ್ಕೇ. ನಮ್ಮ ಗುಂಡ್ಲುಪೇಟೆ ಕಡೆಯವರಿಗೆ ಇದು ಹೊಸದಲ್ಲ. ಒಬ್ಬ ಬೆಂಕಿ ಕೊಡುತ್ತಾ ಮುಂದೆ ಹೋಗುತ್ತಾನೆ. ಬೆನ್ನಿಗೆ ನೀರಿನ ಕ್ಯಾನು ಕಟ್ಟಿಕೊಂಡವರು ಹಿಂದೆ ಬರುತ್ತಾರೆ. ಗೆರೆ ದಾಟಿದ ಉರಿಯನ್ನು ಹಸಿ ಸೊಪ್ಪಿನ ಕೊಂಬೆಯಲ್ಲಿ ಬಡಿದು ಆರಿಸುತ್ತಾರೆ. ಹೊಗೆಗೆ ಕಣ್ಣು ಕೆಂಡ.

2019ರ ಫೆಬ್ರವರಿ ಮರೆತುಹೋಯ್ತಾ? ಗೋಪಾಲಸ್ವಾಮಿ ಬೆಟ್ಟದ ಕಡೆಯೆಲ್ಲ ಹೊತ್ತಿ ಸಾವಿರಾರು ಎಕರೆ ಕರಕಲಾಯಿತು. ಆಗ ‘ಇವರೇನು ನಿದ್ದೆ ಮಾಡ್ತಿದ್ರಾ’ ಅಂತ ಬೈದವರೂ ಇದೇ ಮಹನೀಯರು. ಸುಟ್ಟರೂ ಬೈಗುಳ, ಸುಡದಿದ್ದರೂ ಬೈಗುಳ.

‘ಹುಳುಹುಪ್ಪಟೆ ಸಾಯಲ್ವಾ?’ ಸಾಯುತ್ತವೆ, ಇಲ್ಲ ಅನ್ನಲ್ಲ. ಇಡೀ ಕಾಡು ಉರಿದರೆ ಎಷ್ಟು ಸಾಯುತ್ತವೆ, ಅದನ್ನೂ ಲೆಕ್ಕ ಹಾಕಿ. ‘ಕಾಡನ್ನು ಅದರ ಪಾಡಿಗೆ ಬಿಡಿ’ ಅನ್ನುವವರು ಬಿಳಿಗಿರಿರಂಗನ ಬೆಟ್ಟದ ಕಾಡಿನವರಾದ ಸೋಲಿಗರ ಹತ್ತಿರ ಹೋಗಿ ಕೂರಲಿ. ಅವರು ಹಿಂದೆ ಬೇಸಿಗೆ ಏರುವ ಮೊದಲೇ ತರಗು ಬೆಂಕಿ, ಅಂದರೆ ನೆಲದ ಒಣ ಎಲೆಗೆ ಸಣ್ಣ ಬೆಂಕಿ, ಹಾಕುತ್ತಿದ್ದರು. ಅದನ್ನು ನಿಲ್ಲಿಸಿದ ಮೇಲೇ ಲಂಟಾನ ಹಬ್ಬಿತು ಅಂತ ಹಿರಿಯರು ಹೇಳುತ್ತಾರೆ.

ಬೆಂಕಿ ರೇಖೆ ಸುಟ್ಟರೆ ಇಲಾಖೆಯವರ ವರ್ಷದ ಕೆಲಸ ಮುಗೀತಾ? ಕೆರೆ ಬತ್ತಿದರೆ ಸೋಲಾರ್ ಪಂಪಿನಿಂದ ನೀರು ತುಂಬಿಸಬೇಕು. ಮಳೆಗೆ ಆನೆ ಕಂದಕದ ಮಣ್ಣು ಕುಸಿದರೆ ಮತ್ತೆ ತೋಡಬೇಕು. ರಾಗಿ ತೆನೆ ಬಲಿಯುವಾಗ ಆನೆ ಹೊಲಕ್ಕೆ ಇಳಿದರೆ ರಾತ್ರಿಯಿಡೀ ಅದರ ಹಿಂದೆ. ಅಷ್ಟರಲ್ಲಿ ಹುಲ್ಲು ಮತ್ತೆ ಎದೆಮಟ್ಟ ಬಂದಿರುತ್ತೆ. ಇದ್ಯಾವುದೂ ಸಫಾರಿ ಜೀಪಿನಿಂದ ಕಾಣಲ್ಲ, ಅಲ್ವಾ.

ಸಿಟ್ಟು ಜಾಸ್ತಿಯಾಗಿದೆ, ಗೊತ್ತು. ಮನೆಯಲ್ಲೂ ಫೋನ್ ಕೆಳಗಿಡು ಅಂದರು. ಆದರೆ ಆ ವಿಡಿಯೋದಲ್ಲಿ ನೀವು ಕಳ್ಳರು ಅಂದವರಲ್ಲಿ ಬೆಂಕಿ ಕಾಯುವ ಫೈರ್ ವಾಚರ್‌ಗಳೂ ಇದ್ದಾರೆ. ಕಾಡಂಚಿನ ಹಾಡಿಯ, ಅಂದರೆ ಆದಿವಾಸಿ ಕೇರಿಯ, ಹುಡುಗರು, ದಿನಗೂಲಿ. ಮಳೆ ಹಿಡಿದರೆ ಅವರಿಗೆ ಆ ಕೆಲಸವೂ ಇಲ್ಲ. ಜೂನ್‌ನಲ್ಲಿ ಅವರ ಮನೆ ಹೇಗೆ ನಡೆಯುತ್ತೆ ಅಂತ ಒಂದು ವಿಡಿಯೋ ಮಾಡಿ ಹಾಕಿ. ಅದನ್ನು ನಾನೇ ಎಲ್ಲ ಗ್ರೂಪಿಗೂ ಕಳಿಸ್ತೀನಿ.